ಪಕ್ಕದ ಸೀಟು

ಪರ್ತ್, ಇಳಿದ ದಿನ

ವಿಮಾನದಲ್ಲಿ ಒಂದು ಕಾರ್ಡು ಕೊಟ್ಟಿದ್ದರು. ಸಾಲಾಗಿ ಪ್ರಶ್ನೆಗಳು, ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ರಾಶಿ ರಾಶಿ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಚೆಲ್ಲಿದವಳು ನಾನು. ಇಂಥ ಕಾರ್ಡು ನನಗೆ ಯಾವ ಲೆಕ್ಕ? ತಿನ್ನುವ ಪದಾರ್ಥ ತಂದಿದ್ದೀರಾ ಎಂಬುದಕ್ಕೆ ಹೌದು ಎಂದೆ. ಚೀಲದಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದವು. ಇತ್ತೀಚೆಗೆ ಹೊಲಗದ್ದೆಗೆ ಹೋಗಿದ್ದಿರಾ ಎಂಬುದನ್ನು ಹಾಗೇ ಬಿಟ್ಟೆ. ಹೋಗಿರಲಿಲ್ಲ, ಹೇಳುವುದೇನೂ ಇರಲಿಲ್ಲ.

ಕೌಂಟರಿನ ಹುಡುಗಿ ಕಾರ್ಡು ನೋಡಿ, "ಇದು ಖಾಲಿ ಇದೆಯಲ್ಲ?" ಎಂದಳು.

"ಖಾಲಿ ಅಂದ್ರೆ ಇಲ್ಲ ಅಂತಲೇ ಅಲ್ವೇನಮ್ಮಾ," ಎಂದೆ ನನ್ನ ಮೇಷ್ಟರ ಇಂಗ್ಲಿಷಿನಲ್ಲಿ.

"ಖಾಲಿ ಅಂದ್ರೆ ಖಾಲಿ. ನೀವು ಹೇಳದೆ ನಾನು ಹೇಗೆ ಇಲ್ಲ ಅಂತ ಅಂದ್ಕೊಳ್ಳಲಿ?"

ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿ, ಪೆನ್ನು ಕೊಟ್ಟು ಗುರುತು ಹಾಕಿಸಿದಳು. ಆಮೇಲೆ ಗೊಜ್ಜಿನ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಇಂಗಿನ ವಾಸನೆ ಮೂಗಿಗೆ ಹೊಡೆದಿರಬೇಕು, ಬೇರೇನೂ ಕೇಳದೆ ಬಿಟ್ಟಳು. ಖಾಲಿ ಬಿಟ್ಟದ್ದಕ್ಕೆ ಬೈಸಿಕೊಂಡ ಸಿಟ್ಟು ಮಾತ್ರ ಟ್ಯಾಕ್ಸಿ ಹತ್ತುವವರೆಗೂ ನನಗೆ ಇಳಿಯಲಿಲ್ಲ.

ನಾನು ಆಸ್ಟ್ರೇಲಿಯಾಕ್ಕೆ ಹೋದ ಕಾರಣ ಹೇಳಿಬಿಡುತ್ತೇನೆ. ಅಕ್ಕನ ಮಗಳು ರೇಖಾ ಅಡಿಲೇಡಿನಲ್ಲಿ ಡಾಕ್ಟರು. "ರಿಟೈರ್ ಆಗಿ ಮೂರು ವರ್ಷ ಆಯ್ತು ಚಿಕ್ಕಮ್ಮ, ಒಂದ್ಸಲ ಬಂದ್ಹೋಗಿ" ಎಂದು ಟಿಕೆಟ್ ಕಳಿಸಿದ್ದಳು. ನಿವೃತ್ತಿಯ ನಂತರ ನಾನು ಹಿಡಿದ ಕೆಲಸ ಬೇರೆಯದು. ಹೊಡೆತ ತಿಂದ, ಯಾರೂ ದಿಕ್ಕಿಲ್ಲದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತಾರೆ. ಅಂಥ ಮಕ್ಕಳಿಗೆ ಅದೇ ಕೋರ್ಟು. ಮಗುವನ್ನು ಮನೆಗೆ ಕಳಿಸಬೇಕೋ ಬಾಲಮಂದಿರದಲ್ಲೇ ಇರಿಸಬೇಕೋ ಎಂದು ತೀರ್ಮಾನಿಸುವವರು ಅವರು. ತೀರ್ಮಾನಕ್ಕೆ ಮುಂಚೆ ಮಗುವನ್ನು ಕಂಡು ಮಾತಾಡಿಸಿ ವರದಿ ಕೊಡುವ ಸ್ವಯಂಸೇವಕರಲ್ಲಿ ನಾನೊಬ್ಬಳು. ಆಸ್ಟ್ರೇಲಿಯಾದಲ್ಲೂ ಹೀಗೆ ಮಕ್ಕಳ ಪರವಾಗಿ ಕೋರ್ಟಿಗೆ ಬರೆದುಕೊಡುವ ಸ್ವಯಂಸೇವಕರಿದ್ದಾರೆ ಎಂದು ಕೇಳಿ, ಪರ್ತ್ ಮತ್ತು ಬ್ರಿಸ್ಬೇನಿನ ಇಬ್ಬರಿಗೆ ಪತ್ರ ಬರೆದಿದ್ದೆ. ಇಬ್ಬರೂ ಬನ್ನಿ ಎಂದರು.

ಪರ್ತ್, ಎರಡನೆಯ ದಿನ

ಪರ್ತಿನವಳ ಹೆಸರು ಬೆವ್. ಎಪ್ಪತ್ತರ ಹತ್ತಿರದ ಹೆಂಗಸು, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ನನ್ನನ್ನು ಕರೆದೊಯ್ಯಲು ಬಂದವಳು ದಾರಿಯಲ್ಲಿ ಹಾಲು ಕೊಳ್ಳಲು ದೊಡ್ಡ ಅಂಗಡಿಗೆ ಬರಿಗಾಲಿನಲ್ಲೇ ನುಗ್ಗಿದಳು. ಒಳಗೆ ಇನ್ನೂ ನಾಲ್ಕೈದು ಜನ ಬರಿಗಾಲಿನವರು! ನಾವು ಚಪ್ಪಲಿ ಬಿಡುವುದು ದೇವಸ್ಥಾನದ ಬಾಗಿಲಲ್ಲಿ. ಇವರಿಗೆ ಅಂಗಡಿಯೇ ದೇವಸ್ಥಾನವೇನೋ ಎಂದುಕೊಂಡು ನನ್ನ ಚಪ್ಪಲಿಯನ್ನು ಭದ್ರವಾಗಿ ಮೆಟ್ಟಿಕೊಂಡೇ ನಡೆದೆ.

ಮಗುವನ್ನು ಕಾಣಲು ಹೋಗುವಾಗ ನನ್ನನ್ನೂ ಕರೆದೊಯ್ಯಬಹುದೇ ಎಂದು ಕೇಳಿದೆ. "ಖಂಡಿತ ಇಲ್ಲ," ಎಂದಳು. ಮಗುವಿನ ಹೆಸರು, ಊರು, ಶಾಲೆ ಏನನ್ನೂ ಬಾಯಿಬಿಡಲಿಲ್ಲ. ಏಳು ಸಮುದ್ರ ದಾಟಿ ಬಂದವಳಿಗೆ ಹೀಗೆ ಹೇಳಿದರೆ ಹೇಗಾಗಬೇಡ? ನಮ್ಮಲ್ಲಾದರೆ ಅತಿಥಿ ಬಂದರೆ ಬಾಲಮಂದಿರದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸ್ವಾಗತಗೀತೆ ಹಾಡಿಸುತ್ತಾರೆ. ನಾನೇ ಎಷ್ಟೋ ಸಲ ಮುಂದಿನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದ್ದೇನೆ.

"ಆದ್ರೆ ನಾನು ಹೇಗೆ ಕೆಲಸ ಮಾಡ್ತೀನಿ ಅಂತ ತೋರಿಸ್ತೀನಿ, ಬಾ," ಎಂದು ಕಾರಿನ ಬಾಗಿಲು ತೆಗೆದಳು. ನಾನು ಅಭ್ಯಾಸದಂತೆ ಹಿಂದಿನ ಸೀಟಿಗೆ ಹತ್ತಿ ಸೆರಗು ಸರಿಮಾಡಿಕೊಂಡು ಕೂತೆ.

"ನಾನು ಟ್ಯಾಕ್ಸಿಯಲ್ಲಮ್ಮಾ. ಮುಂದೆ ಬಾ, ನನ್ನ ಪಕ್ಕ."

ಮುಂದೆ ಹೋಗಿ ಕೂತೆ. ಸಮುದ್ರದ ಪಕ್ಕದ ರಸ್ತೆ ಹಿಡಿದಳು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಬೆವ್ ಒಂದು ಮಾತೂ ಆಡಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಂಥ ಒರಟು ಹೆಂಗಸಪ್ಪಾ ಎಂದುಕೊಂಡೆ. ಬಾಯಿ ಸುಮ್ಮನಿರಬೇಕಲ್ಲ. ಮೊದಲು ಬಿಸಿಲಿನ ಬಗ್ಗೆ ಶುರು ಮಾಡಿದೆ, ಆಮೇಲೆ ನನ್ನ ಮಂಡಿನೋವು, ಆಮೇಲೆ ಅದು ಹೇಗೋ ಪುಟ್ಟಿಯ ವಿಷಯಕ್ಕೆ ಬಂದುಬಿಟ್ಟೆ.

ಪುಟ್ಟಿ ಅವಳ ನಿಜವಾದ ಹೆಸರಲ್ಲ. ಹನ್ನೊಂದು ವರ್ಷದವಳು. ತಾಯಿ ತೀರಿಕೊಂಡ ಮೇಲೆ ಸೋದರಮಾವನ ಮನೆಯಲ್ಲಿದ್ದಳು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಸಿಕ್ಕಿದಳು, ಮೊಣಕೈ ಮೇಲೆ ಸುಟ್ಟ ಗಾಯ. ಎಣ್ಣೆ ಸಿಡಿದದ್ದು ಎಂದ ಮಾವ. ಬಾಲಮಂದಿರದಲ್ಲಿ ಮೂರು ಸಲ ಅವಳನ್ನು ಕಂಡೆ. ಮೂರು ಸಲವೂ ಮೇಜಿನ ಆಚೆ ಅವಳು, ಈಚೆ ನಾನು. ಮಾವ ಒಳ್ಳೆಯವನಂತೆ ಕಾಣುತ್ತಿದ್ದ. ಪ್ರತಿ ಸಲವೂ ಕಿತ್ತಳೆ, ಬಾಳೆಹಣ್ಣು ಹಿಡಿದು ಬಂದು ಹೊರಗೆ ಜಗಲಿಯಲ್ಲಿ ತಾಳ್ಮೆಯಿಂದ ಕಾಯುತ್ತಿದ್ದ. "ಮಾವನ ಮನೆಗೆ ಹೋಗ್ತೀಯೇನಮ್ಮಾ?" ಎಂದು ಕೇಳಿದರೆ ಪುಟ್ಟಿ ಲಂಗದ ಅಂಚು ಹೊಸೆಯುತ್ತ ಸುಮ್ಮನೆ ಕೂತಿರುತ್ತಿದ್ದಳು.

"ಅವಳು ಏನಂದಳು?" ಎಂದಳು ಬೆವ್, ರಸ್ತೆಯ ಮೇಲಿನ ಕಣ್ಣು ಕೀಳದೆ.

"ಏನೂ ಅನ್ನಲಿಲ್ಲ."

"ನೀನು ಏನು ಬರೆದೆ?"

ನನ್ನ ವರದಿಯ ಸಾಲು ನನಗೆ ಬಾಯಿಪಾಠವಿತ್ತು. "ಬಾಲಕಿಯು ಮಾವನ ಮನೆಗೆ ತೆರಳಲು ಯಾವುದೇ ಆಕ್ಷೇಪಣೆ ವ್ಯಕ್ತಪಡಿಸಿರುವುದಿಲ್ಲ." ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಬೆವ್ ಕಾರನ್ನು ಮುಂದಕ್ಕೆ ಓಡಿಸಿದಳು. ತಪ್ಪು ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೌನಂ ಸಮ್ಮತಿ ಲಕ್ಷಣಂ ಎಂದು ನಮ್ಮಲ್ಲಿ ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿದರೆ ಒಪ್ಪಿಗೆ. ನನ್ನ ಮದುವೆಯೂ ಹಾಗೇ ಆದದ್ದು. ಆ ಗಾದೆಯನ್ನು ಹನ್ನೊಂದು ವರ್ಷದ ಮಗುವಿನ ಫೈಲಿನಲ್ಲಿ ಸರ್ಕಾರಿ ಭಾಷೆಯಲ್ಲಿ ಬರೆದು ಸಹಿ ಹಾಕಿ ಬಂದಿದ್ದೆ.

ಕಾರು ನಿಲ್ಲಿಸಿ ಸಮುದ್ರದ ಮುಂದೆ ಕೂತಾಗ ಬೆವ್ ತನ್ನ ಗುಟ್ಟು ಹೇಳಿದಳು. "ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದೆ. ಹಿಂದಿನ ಸೀಟಿನ ಮಕ್ಕಳು ಮಾತಾಡ್ತಿರಲಿಲ್ಲ. ನನ್ನ ಪಕ್ಕಕ್ಕೆ ಬಂದು ನಿಂತು, ರಸ್ತೆ ನೋಡ್ತಾ ಎಲ್ಲಾ ಹೇಳೋರು. ಮುಖ ನೋಡಿದ್ರೆ ಮಾತು ನಿಂತುಹೋಗೋದು. ಅದಕ್ಕೇ ನಾನು ನೋಡಲ್ಲ."

ಊರಿಗೆ ಹೋದ ಕೂಡಲೇ ವರದಿ ತಿದ್ದಬೇಕು ಎಂದುಕೊಂಡೆ. ಪುಟ್ಟಿಯ ವಿಚಾರಣೆ ಇದ್ದದ್ದು ನಾನು ವಾಪಸಾದ ನಾಲ್ಕು ದಿನಕ್ಕೆ. ಅವಸರವಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನಾನು ತಪ್ಪು ಮಾಡಿದೆ ಎಂದು ಬರೆದುಕೊಡುವ ಕೆಲಸ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು ಅನ್ನಿಸಿತ್ತು.

ಬ್ರಿಸ್ಬೇನ್

ಬ್ರಿಸ್ಬೇನಿನಲ್ಲಿ ನನಗೆ ಮೊದಲು ಎದುರಾದದ್ದು ಒಂದು ಕೊಕ್ಕು. ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದ ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದ್ದೆ. ಬೆವ್ ಮನೆಯಲ್ಲಿ ಅನ್ನ ಮಾಡಿ ಕಲಸಿ ತಂದಿದ್ದ ಪುಳಿಯೋಗರೆ. ಬಾಗಿದ ಉದ್ದ ಕೊಕ್ಕಿನ ಕೊಳಕು ಬಿಳಿ ಹಕ್ಕಿಯೊಂದು ಬಂದು, ಡಬ್ಬಿಯೊಳಗೆ ಕೊಕ್ಕಿಟ್ಟು, ಕಡಲೇಕಾಯಿ ಬೀಜಗಳನ್ನು ಆರಿಸಿ ತಿಂದು ಹೋಯಿತು. ಹೋ ಎಂದರೂ ಕದಲಲಿಲ್ಲ. ನಮ್ಮ ಬೆಟ್ಟದ ಕೋತಿಗಳಾದರೂ ಕೋಲು ತೋರಿಸಿದರೆ ಹೆದರುತ್ತವೆ.

ಕರೆದೊಯ್ಯಲು ಬಂದವನು ಗ್ರೇಮ್, ನಿವೃತ್ತ ಅಂಚೆಯವನು. ನದಿಯ ಫೆರಿಯಲ್ಲಿ ಪೇಟೆಗೆ ಕರೆದುಕೊಂಡು ಹೋದ. ಇಳಿಯುವವರೆಲ್ಲ ನಡೆಸುವವನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮ ಬಸ್ಸಿನಲ್ಲಿ ಹಾಗೆ ಹೇಳಿದರೆ ಚಿಲ್ಲರೆ ಬಾಕಿ ಇದೆಯೇನೋ ಎಂದು ಕಂಡಕ್ಟರು ಅನುಮಾನಿಸುತ್ತಾನೆ.

ಮಕ್ಕಳ ಕೋರ್ಟಿನ ಬಾಗಿಲು ನನಗೆ ತೆರೆಯಲಿಲ್ಲ. ಹೊರಗಿನವರಿಗೆ ಪ್ರವೇಶವಿಲ್ಲ. ಅಂತೂ ನಾನು ಸಾವಿರಾರು ಮೈಲಿ ಹಾರಿಬಂದು ನೋಡಿದ್ದು ಕಾರಿಡಾರಿನ ಬೆಂಚು. ಆ ದಿನ ವಿಚಾರಣೆಯಿದ್ದ ಮಗುವಿನ ಬಗ್ಗೆ ಗ್ರೇಮ್ ಬರೆದದ್ದನ್ನು ಅದರ ವಕೀಲೆ ಒಳಗೆ ಒಯ್ದಿದ್ದಳು. ಹೊತ್ತು ಹೋಗಲಿ ಎಂದು ಅವನು ನನಗೊಂದು ಖಾಲಿ ನಮೂನೆ ತೋರಿಸಿದ. ಅದರಲ್ಲಿ ಮೂರು ಕಾಲಂ. ಮಗು ಹೇಳಿದ್ದು, ನಾನು ಕಂಡದ್ದು, ನನಗೆ ಅನ್ನಿಸಿದ್ದು.

"ಮೊದಲನೇದ್ರಲ್ಲಿ ಮಗುವಿನ ಮಾತು ಮಾತ್ರ, ಮಗು ಹೇಳಿದ ಹಾಗೇ," ಎಂದ. "ತಪ್ಪಿದ್ರೂ ತಿದ್ದಬಾರದು. ಬರೆದ ಮೇಲೆ ಮಗುವಿಗೇ ಓದಿ ಹೇಳ್ತೀನಿ, ಸರಿಯಿದೆಯಾ ಅಂತ."

"ಏನೂ ಹೇಳದಿದ್ರೆ?"

"ಇನ್ನೂ ಹೇಳಿಲ್ಲ ಅಂತ ಬರೀತೀನಿ. ಇವತ್ತಿನದರಲ್ಲೂ ಅದೇ ಬರ್ದಿದ್ದೀನಿ."

ನನ್ನ ವರದಿಗಳು ನೆನಪಾದವು. ಮಗು ಹೇಳಿದ್ದು, ನಾನು ಕಂಡದ್ದು, ನನಗೆ ಅನ್ನಿಸಿದ್ದು ಎಲ್ಲ ಸೇರಿ ಬಿಸಿಬೇಳೆಬಾತು. ಯಾವುದು ಬೇಳೆ ಯಾವುದು ಅಕ್ಕಿ ಎಂದು ಬರೆದ ನನಗೇ ಗೊತ್ತಾಗುವಂತಿರಲಿಲ್ಲ.

ವಕೀಲೆ ಹೊರಗೆ ಬಂದು, ವಿಚಾರಣೆ ಮುಂದಕ್ಕೆ ಹೋಯಿತು, ಮಗು ಈಗಿರುವಲ್ಲೇ ಇರಲಿ ಎಂದಿದ್ದಾರೆ ಎಂದಳು. ಗ್ರೇಮ್ ಲಾಟರಿ ಹೊಡೆದವನಂತೆ ಅವಳ ಕೈ ಕುಲುಕಿದ. ವಾಯಿದೆ ಸಿಕ್ಕಿದ್ದಕ್ಕೆ ಖುಷಿಪಟ್ಟವನನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮೂರ ಕಚೇರಿಗಳಲ್ಲಿ ವಾಯಿದೆ ಎಂದರೆ ಶಾಪ. ಕೆಟ್ಟ ವಾಯಿದೆ, ಒಳ್ಳೆಯ ವಾಯಿದೆ ಎಂದು ಎರಡು ಬಗೆ ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ. ಆ ನಮೂನೆಯ ಒಂದು ಪ್ರತಿ ಕೇಳಿ ಇಸಿದುಕೊಂಡೆ.

ಅಡಿಲೇಡ್

ಬ್ರಿಸ್ಬೇನಿನಿಂದ ಅಡಿಲೇಡಿಗೆ ಪಡುವಣಕ್ಕೆ ಹಾರಬೇಕು. ಪಡುವಣಕ್ಕೆ ಹೋದರೆ ಗಡಿಯಾರ ಹಿಂದಕ್ಕೆ ಎಂಬುದು ನಾನೇ ಪಾಠ ಮಾಡಿದ ಲೆಕ್ಕ. ಆದರೆ ಅಡಿಲೇಡಿನವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಬ್ರಿಸ್ಬೇನಿನವರು ತಿರುಗಿಸುವುದಿಲ್ಲ. ಹಾಗಾಗಿ ಅಲ್ಲಿಳಿದರೆ ಅರ್ಧ ಗಂಟೆ ಮುಂದೆ. ಇದು ನನಗೆ ಗೊತ್ತಿರಲಿಲ್ಲ. ಬ್ರಿಸ್ಬೇನಿನ ಹೊತ್ತಿನಲ್ಲಿದ್ದ ಕೈಗಡಿಯಾರವನ್ನು ತಿರುಗಿಸಲು ಮರೆತು ಮಾಸನ್ ಲೇಕ್ಸಿನ ರೇಖಾಳ ಮನೆ ಸೇರಿದೆ.

ರೇಖಾಳ ಮಗಳು ದಿಯಾ, ಒಂಬತ್ತು ವರ್ಷ. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಊಟಕ್ಕೆ ಕೂತಾಗ, "ಚಟ್ನಿಪುಡಿ ಬೇಕೇನೇ ದಿಯಾ?" ಎಂದು ಕೇಳಿದೆ.

"ಅವಳಿಗೆ ಖಾರ ಆಗಲ್ಲ ಚಿಕ್ಕಮ್ಮ," ಎಂದಳು ರೇಖಾ.

"ಸ್ಕೂಲಲ್ಲಿ ಯಾವ ಪಾಠ ಇಷ್ಟ?"

"ಸೈನ್ಸ್ ಇಷ್ಟ ಇವಳಿಗೆ," ಎಂದ ರೇಖಾಳ ಗಂಡ. "ಅಂದ್ಹಾಗೆ ಸಂಡೇ ಅರ್ವೋ ಬಾರ್ಬಿ ಇಟ್ಕೊಂಡಿದೀವಿ. ನಿಮಗೆ ಪನೀರ್ ಹಾಕ್ತೀನಿ." ಅಲ್ಲಿಯವರ ಬಾಯಲ್ಲಿ ಮಧ್ಯಾಹ್ನ ಅರ್ವೋ, ಹಿತ್ತಲಲ್ಲಿ ಸುಟ್ಟು ತಿನ್ನುವ ಬಾರ್ಬೆಕ್ಯೂ ಬಾರ್ಬಿ.

ದಿಯಾ ಸುಮ್ಮನೆ ಚಟ್ನಿಪುಡಿಯ ಡಬ್ಬಿ ಎಳೆದುಕೊಂಡು ಎರಡು ಚಮಚ ಹಾಕಿಕೊಂಡು ತಿಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಒಂದು ವಾರದ ಹಿಂದಾಗಿದ್ದರೆ ನಾನೂ ಅವಳ ಪರವಾಗಿ ಮೂರನೆಯ ಉತ್ತರ ಕೊಡುತ್ತಿದ್ದೆ.

ಮಾರನೆಯ ದಿನ ಮಧ್ಯಾಹ್ನ ಬಾಲಮಂದಿರದ ಮೇಲ್ವಿಚಾರಕಿಯಿಂದ ಮೆಸೇಜು ಬಂತು. ಮುಂದಿನ ವಾರ ರಜೆಗಳಿರುವುದರಿಂದ ಪುಟ್ಟಿಯ ವಿಚಾರಣೆ ಇವತ್ತೇ. ಮಾವ ಬಂದು ಕೂತಿದ್ದಾನೆ, ಅವಳ ಬಟ್ಟೆ ಕಟ್ಟಿಸುತ್ತಿದ್ದೇನೆ.

ಕೂಡಲೇ ಸಮಿತಿಯ ಅಧ್ಯಕ್ಷೆಗೆ ಫೋನ್ ಮಾಡಿದೆ.

"ನೀವ್ಯಾಕೆ ಗಾಬರಿ ಆಗ್ತೀರ ಮೇಡಂ? ನಿಮ್ಮ ವರದಿ ಸ್ಪಷ್ಟವಾಗೇ ಇದೆಯಲ್ಲ. ಆಕ್ಷೇಪಣೆ ಇಲ್ಲ ಅಂತ ನೀವೇ ಬರ್ದಿದ್ದೀರ."

"ಆ ಸಾಲು ತಪ್ಪು ಮೇಡಂ. ಹುಡುಗಿ ಏನೂ ಹೇಳ್ಲಿಲ್ಲ."

"ಫೋನಲ್ಲಿ ಹೇಳಿದ್ರೆ ಫೈಲಿಗೆ ಸೇರಲ್ಲ. ಬರ್ದು ಸಹಿ ಮಾಡಿ ಕಳ್ಸಿ. ಹನ್ನೊಂದಕ್ಕೆ ಕೂರ್ತೀವಿ."

ನಮ್ಮ ಹನ್ನೊಂದು ಎಂದರೆ ಅಡಿಲೇಡಿನ ನಾಲ್ಕು. ಕೈಗಡಿಯಾರದಲ್ಲಿ ಮೂರು. ಒಂದು ಗಂಟೆ ಇದೆ ಎಂದು ಲೆಕ್ಕ ಹಾಕಿದೆ. ದಿಯಾಳ ಗೆರೆ ಹಾಕಿದ ಪುಸ್ತಕದಿಂದ ಹಾಳೆ ಹರಿದುಕೊಂಡು ಬರೆಯಲು ಕೂತೆ. ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ವೊಂಬ್ಯಾಟಿನ ಚಿತ್ರ, ಹಂದಿಮರಿಗೆ ಕರಡಿಯ ಮುಖ ಇಟ್ಟಂಥ ಪ್ರಾಣಿ. ಅದರ ಕೆಳಗೆ ಬರೆದೆ: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಅನಿವಾರ್ಯ ಕಾರಣಗಳಿಂದ ವರದಿಯಲ್ಲಿ ಉಂಟಾಗಿರಬಹುದಾದ ಕೆಲವು ನ್ಯೂನತೆಗಳನ್ನು..." ಹೊಡೆದುಹಾಕಿದೆ. ಇನ್ನೊಂದು ಹಾಳೆ. ಅದರಲ್ಲೂ ನನ್ನ ಪೆನ್ನು ತಪ್ಪನ್ನು ನನ್ನ ಮೇಲೆ ಹಾಕಲು ಒಪ್ಪದೆ ಸುತ್ತುಹಾಕುತ್ತಿತ್ತು. ಮೂವತ್ತೊಂದು ವರ್ಷ ಊರ ಮಕ್ಕಳ ತಪ್ಪು ಹುಡುಕಿದ ಕೈ ಅದು.

ಅಷ್ಟರಲ್ಲಿ ಸ್ಕೂಲಿನಿಂದ ಬಂದ ದಿಯಾ ಪಕ್ಕದ ಕುರ್ಚಿಯಲ್ಲಿ ಕೂತಳು. ನೆಲದ ಮೇಲಿನ ಹಾಳೆಯುಂಡೆಗಳನ್ನು ನೋಡಿ, "ಆರ್ ಯೂ ಇನ್ ಟ್ರಬಲ್, ಅಜ್ಜಿ?" ಎಂದಳು.

"ಹೂಂ ಕಣೇ. ತಪ್ಪು ಬರ್ದಿದ್ದೆ. ತಪ್ಪು ಅಂತ ಹೇಳ್ಬೇಕು."

"ಜಸ್ಟ್ ಸೇ ಇಟ್ ದೆನ್," ಎಂದಳು. ಆಮೇಲೆ ನನ್ನ ಕೈ ಹಿಡಿದು ಗಡಿಯಾರ ನೋಡಿ, "ಯುವರ್ ವಾಚ್ ಈಸ್ ರಾಂಗ್," ಎಂದಳು. ಗೋಡೆಯ ಗಡಿಯಾರದಲ್ಲಿ ನಾಲ್ಕಾಗಲು ಎಂಟು ನಿಮಿಷ ಇತ್ತು.

ಆ ಎಂಟು ನಿಮಿಷ ನನ್ನನ್ನು ಕಾಪಾಡಿತು. ಸುತ್ತುಹಾಕಲು ಹೊತ್ತಿರಲಿಲ್ಲ. "ನನ್ನ ವರದಿಯ ನಾಲ್ಕನೆಯ ಸಾಲು ತಪ್ಪು. ಹುಡುಗಿ ಒಪ್ಪಿಲ್ಲ. ಬೇಡ ಎಂದೂ ಹೇಳಿಲ್ಲ. ಅವಳು ಇನ್ನೂ ಏನೂ ಹೇಳಿಲ್ಲ. ನಾನು ಕೇಳಿದ ರೀತಿ ಸರಿಯಿರಲಿಲ್ಲ. ಅವಳು ಹೇಳುವವರೆಗೆ ದಯವಿಟ್ಟು ಕಳಿಸಬೇಡಿ." ಸಹಿ ಹಾಕಿದೆ. ದಿಯಾ ಫೋಟೋ ತೆಗೆದಳು, ಕಳಿಸಿದೆವು. ಫೋನು ಮೇಜಿನ ಮೇಲಿಟ್ಟು ಇಬ್ಬರೂ ಅದನ್ನೇ ನೋಡುತ್ತ ಕೂತೆವು. ನನಗೆ ಭಯವಾಗಿತ್ತು. ಪುಟ್ಟಿಯ ಬಟ್ಟೆಯ ಗಂಟು, ಕಿತ್ತಳೆಯ ಚೀಲ ಹಿಡಿದ ಆ ಕೈ ಕಣ್ಣಮುಂದೆ ಬರುತ್ತಿದ್ದವು.

ಮುಕ್ಕಾಲು ಗಂಟೆಯ ಮೇಲೆ ಅಧ್ಯಕ್ಷೆಯ ಉತ್ತರ ಬಂತು. ಮೂರು ವಾರ ಸಮಯ ಕೊಟ್ಟಿದ್ದೇವೆ. ಹುಡುಗಿ ಇಲ್ಲೇ ಇರುತ್ತಾಳೆ. ಫೈಲಿನಲ್ಲಿರುವ ಈ ಪ್ರಾಣಿ ಯಾವುದು?

ನಾನು ಗ್ರೇಮ್ ಮಾಡಿದಂತೆ ದಿಯಾಳ ಕೈ ಹಿಡಿದು ಕುಲುಕಿದೆ. ಭಾನುವಾರದ ಬಾರ್ಬಿಗೆ ಬಂದ ಕನ್ನಡದವರೆಲ್ಲ ಆಸ್ಟ್ರೇಲಿಯಾದಲ್ಲಿ ಏನೇನು ನೋಡಿದಿರಿ ಆಂಟಿ ಎಂದು ಕೇಳಿದರು. ಒಂದು ಕಾರು, ಒಂದು ಬೆಂಚು ಎಂದೆ. ಪಾಪ, ವಯಸ್ಸಾಯಿತು ಎಂದುಕೊಂಡಿರಬೇಕು.

ಮನೆಗೆ ಬಂದ ಮೇಲೆ

ನನ್ನ ಹತ್ತಿರ ಕಾರಿಲ್ಲ. ಡಿಸೆಂಬರಿನ ಕೊನೆಯಾದ್ದರಿಂದ ಅವರೆಕಾಯಿ ಇತ್ತು. ಸೊಗಡಿನ ಕಾಯಿ ಎರಡು ಕೆಜಿ ಹೊತ್ತು ಬಾಲಮಂದಿರಕ್ಕೆ ಹೋದೆ. ಆ ದಿನಗಳಲ್ಲಿ ಮಾವನನ್ನು ಗೇಟಿನೊಳಗೆ ಬಿಡಬಾರದೆಂದು ಅಧ್ಯಕ್ಷೆಯಿಂದ ಬರೆಸಿಕೊಂಡಿದ್ದೆ. ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಪುಟ್ಟಿಯ ಪಕ್ಕ ಕೂತು, ಇಬ್ಬರ ಮಧ್ಯೆ ಮೊರ ಇಟ್ಟುಕೊಂಡು ಸುಲಿಯಲು ಶುರು ಮಾಡಿದೆ. ಅವಳ ಮುಖ ನೋಡಲಿಲ್ಲ, ಏನೂ ಕೇಳಲಿಲ್ಲ. ನನ್ನಂಥವಳಿಗೆ ಅದು ಉಪವಾಸಕ್ಕಿಂತ ಕಷ್ಟ. ಮೊದಲ ದಿನ ಹುಳ ಸಿಕ್ಕಾಗ ತೋರಿಸಿದಳು, ಅಷ್ಟೇ. ಎರಡನೆಯ ದಿನ, ನೀವು ನಿಧಾನ ಸುಲೀತೀರ ಎಂದಳು. ಮೂರನೆಯ ದಿನ ಏನೂ ಇಲ್ಲ. ಹುಚ್ಚು ಹಿಡಿದಂತೆ ಅವರೆಕಾಯಿ ಹೊರುತ್ತಿದ್ದೇನಲ್ಲ ಎಂದು ಅನ್ನಿಸಿದರೂ ಬಿಡಲಿಲ್ಲ. ಬಾಲಮಂದಿರದವರಿಗೆ ದಿನಾ ಅವರೆಕಾಳು ಸಾರು.

ನಾಲ್ಕನೆಯ ದಿನ ಪುಟ್ಟಿ ಮೊರದ ಕಾಳು ನೋಡುತ್ತಲೇ ಹೇಳಿದಳು. "ನೀವು ಆವತ್ತು ಕೇಳ್ದಾಗ ಮಾವ ಕಿಟಕೀಲಿ ನಿಂತಿದ್ರು."

ನನ್ನ ಕೈ ನಿಂತಿತು. ಮೇಜಿನ ಈಚೆಗಿದ್ದ ನನ್ನ ಕುರ್ಚಿಯ ಬೆನ್ನಿಗೆ ಜಗಲಿಯ ಕಿಟಕಿ. ಮೂರು ಸಲವೂ ನಾನು ನೋಡಿದ್ದು ಅವಳ ಮುಖವನ್ನು, ಅವಳು ನೋಡುತ್ತಿದ್ದದ್ದು ನನ್ನ ತಲೆಯ ಹಿಂದೆ ನಿಂತವನನ್ನು. ಅವನ ಕಡೆಗೆ ಬೆನ್ನು ಹಾಕಿ ಕೂತು, ಹೇಳಮ್ಮಾ ಹೇಳಮ್ಮಾ ಎಂದು ಜೋರು ಮಾಡಿದ್ದೆ. ಅವಳ ಮುಖ ನೋಡದೆ ಇನ್ನೊಂದು ಕಾಯಿ ತೆಗೆದುಕೊಂಡೆ. ಆಮೇಲೆ ಉಳಿದದ್ದೆಲ್ಲ ಬಂತು. ಎಣ್ಣೆ ಸಿಡಿದದ್ದಲ್ಲ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವಳದು.

ಗ್ರೇಮ್ ಕೊಟ್ಟ ನಮೂನೆಯನ್ನು ಕನ್ನಡಕ್ಕೆ ಇಳಿಸಿಕೊಂಡಿದ್ದೆ. ಮೊದಲ ಕಾಲಮಿನಲ್ಲಿ ಅವಳ ಮಾತನ್ನು ಅವಳು ಆಡಿದಂತೆಯೇ ಬರೆದು ಓದಿ ಹೇಳಿದೆ. "ಸರಿಯಿದೆಯಾ?"

ಪುಟ್ಟಿ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಅಲ್ಲಿಗೆ ಹೋಗಲ್ಲ ಅಂತ ನಾನು ಎರಡು ಸಲ ಹೇಳ್ದೆ. ನೀವು ಒಂದೇ ಸಲ ಬರ್ದಿದ್ದೀರ."

ಎರಡನೆಯ ಸಲವೂ ಬರೆದೆ.

ವಿಚಾರಣೆಯ ದಿನ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೆ ಓದಿದರು. "ಮೇಡಂ, ಇಲ್ಲಿ ಒಂದೇ ಸಾಲು ಎರಡು ಸಲ ಬಂದಿದೆ. ಕೈತಪ್ಪಿ ಬರ್ದಿದ್ದೀರೇನೋ, ಒಂದನ್ನ ಹೊಡ್ದುಹಾಕ್ಲಾ?"

"ಬೇಡ ಮೇಡಂ," ಎಂದೆ. "ಅವಳು ಎರಡು ಸಲ ಹೇಳಿದ್ದಾಳೆ."

ಅಧ್ಯಕ್ಷೆ ಪೆನ್ನು ಕೆಳಗಿಟ್ಟು ಅದನ್ನು ಇನ್ನೊಮ್ಮೆ ಓದಿದರು. ಪುಟ್ಟಿಯನ್ನು ಕಳಿಸಲಿಲ್ಲ.